ಸೇವಂತಿಗೆಗೆ ಮೂರು ಸ್ವಿಚ್ಚು

ಬಲ್ಬು ಹಾಕುವುದು ನನ್ನ ಕೆಲಸವಲ್ಲ. ಯಾರ ಮಾತು ಕೇಳಬೇಕು ಎಂದು ಬಲ್ಬಿಗೆ ಹೇಳಿಕೊಡುವುದು ನನ್ನ ಕೆಲಸ. ಟಿ. ನರಸೀಪುರದ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಹೊಲದಲ್ಲಿ ಸಿಮ್ ಹಾಕಿದ ಒಂದು ಬಾಕ್ಸ್ ಕೂರಿಸುತ್ತೇವೆ. ಅದಕ್ಕೆ ಫೋನಿನಿಂದ ಹೇಳಬಹುದು, ಟೈಮರ್ ಇಡಬಹುದು, ಇಲ್ಲವೇ ಅದರ ಮೈಮೇಲಿರುವ ಹಸಿರು ಗುಂಡಿ ಒತ್ತಿ ಹತ್ತಿಸಿ ಕೆಂಪು ಗುಂಡಿ ಒತ್ತಿ ಆರಿಸಬಹುದು. ಬಾಕ್ಸ್ ಕೆಟ್ಟಿದೆ ಎಂದು ಫೋನ್ ಬಂದರೆ ನಾನು ಹೋಗಬೇಕು. ನೂರಕ್ಕೆ ತೊಂಬತ್ತು ಸಲ ಬಾಕ್ಸ್ ಕೆಟ್ಟಿರುವುದಿಲ್ಲ. ಹಾಗೆಂದು ಹೇಳಿದರೆ ಗಿರಾಕಿಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ನನಗೆ.

ಕಳೆದ ನವೆಂಬರಿನಲ್ಲಿ ಹೆಡತಲೆ ಊರಿನ ಒಂದೇ ಮನೆಯಿಂದ ಒಂದೇ ಬೆಳಿಗ್ಗೆ ಮೂರು ಫೋನ್ ಬಂದವು. ಮೊದಲು ಮನೆಯ ಯಜಮಾನ ಶಿವಮಲ್ಲಪ್ಪ: "ಈ ಲೈಟು ಆರ್ಸುದ್ರೂ ತಾನೇ ಅತ್ಕತದೆ ಕಣವ್ವ, ಏನೋ ಸೇರ್ಕಂಡದೆ ಇದ್ರೊಳಗೆ." ಆಮೇಲೆ ಅವರ ಮಗ ಮಲ್ಲಿಕಾರ್ಜುನ್: "ಮೇಡಂ, ಆನ್ ಮಾಡಿದ್ರೂ ತಾನೇ ಆಫ್ ಆಯ್ತದೆ." ಕೊನೆಗೆ ಸೊಸೆ ನಯನ. ಅವಳು ಬಾಕ್ಸಿನ ಮಾತೇ ಎತ್ತಲಿಲ್ಲ. "ಅಕ್ಕ, ಬೇಗ ಬನ್ನಿ. ಗಿಡ ಕೆಟ್ಟೋಯ್ತಾ ಅದೆ" ಎಂದಳು. ಸ್ಕೂಟರ್ ಹತ್ತಿದೆ.

ಅರ್ಧ ಎಕರೆ ಸೇವಂತಿಗೆ. ಈ ಗಿಡದ ಗುಣ ಏನೆಂದರೆ, ರಾತ್ರಿ ಉದ್ದವಾಯಿತು ಅನ್ನಿಸಿದ ಕೂಡಲೇ ಮೊಗ್ಗು ಬಿಡುತ್ತದೆ. ದೀಪಾವಳಿಯ ಹೊತ್ತಿಗೆ ನೆಟ್ಟರೆ ಗೇಣುದ್ದ ಇರುವಾಗಲೇ ಮೊಗ್ಗು ಹೊತ್ತು ಕೂರುತ್ತದೆ, ಅಂಥ ಹೂವನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೇ ದಿನಾ ರಾತ್ರಿ ಹತ್ತರಿಂದ ಎರಡರವರೆಗೆ ಬಲ್ಬು ಉರಿಸಿ, ಇನ್ನೂ ಬೇಸಿಗೆ ಎಂದು ಗಿಡಕ್ಕೆ ಸುಳ್ಳು ಹೇಳಬೇಕು. ಒಂದೂವರೆ ತಿಂಗಳು ಸುಳ್ಳು ಹೇಳಿ ಬೆಳೆಸಿ, ಆಮೇಲೆ ಕತ್ತಲು ಕೊಟ್ಟರೆ ಅಲ್ಲಿಂದ ಎರಡು ತಿಂಗಳು ಚಿಲ್ಲರೆ ದಿನಕ್ಕೆ ಹೂವು.

ಇದನ್ನೆಲ್ಲ ಮೂರು ದಿನದ ತರಬೇತಿಯಲ್ಲಿ ಕಲಿತು ಬಂದವಳು ನಯನ. ಮಾವನಿಗೆ ಬಾಳೆ ಬಿಟ್ಟರೆ ಬೇರೆ ಬೆಳೆ ಬೆಳೆಯಲ್ಲ. ಬಹಳ ದಿನ ಗೋಗರೆದ ಮೇಲೆ ಅರ್ಧ ಎಕರೆ ಬಿಟ್ಟುಕೊಟ್ಟಿದ್ದರು, ಅದೂ ಷರತ್ತಿನ ಮೇಲೆ. "ಶಿವರಾತ್ರಿಗೆ ಊವ ಕೂಯ್ದು ತೋರ್ಸು. ಇಲ್ದೇ ಓದ್ರೆ ಅಲ್ಲಿ ಬಾಳೆ ಕಂದು ನೆಡ್ತೀನಿ. ಆಮೇಲೆ ಅದ್ರ ಸುದ್ದಿ ಎತ್ಬಾರ್ದು." ಮದುವೆಯಾಗಿ ಒಂಬತ್ತು ವರ್ಷದಲ್ಲಿ ಏನು ಬೆಳೆಯಬೇಕೆಂದು ಅವಳು ಹೇಳಿದ ನೆಲ ಅದೊಂದೇ. ಬದುವಿನ ಮೇಲೆ ನಿಂತು ನನಗೆ ಇದನ್ನು ಹೇಳುವಾಗ ಅವಳ ಕಣ್ಣೆಲ್ಲ ಗಿಡದ ಮೇಲೆಯೇ ಇತ್ತು. ನಾಲ್ಕು ಸಾಲಿನಲ್ಲಿ ಆಗಲೇ ಮೊಗ್ಗು ಬಂದಿತ್ತು.

ಮೋಟರು ಮನೆಯ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಶಿವಮಲ್ಲಪ್ಪ ಪಕ್ಕದಲ್ಲಿ ನಿಂತು, "ನಿಮ್ದು ಯಾವೂರವ್ವ? ಯಾರ ಪೈಕಿ?" ಎಂದು ಕೇಳಿದರು.

"ನರಸೀಪುರ. ಲೈಟ್ ಕಂಪ್ನಿ ಪೈಕಿ" ಎಂದೆ.

ಯಾರು ಯಾವಾಗ ಏನು ಹೇಳಿದರು ಎಂಬುದೆಲ್ಲ ಬಾಕ್ಸಿನಲ್ಲಿ ದಾಖಲಾಗಿರುತ್ತದೆ. ಹಿಂದಿನ ರಾತ್ರಿಯದನ್ನು ಎಲ್ಲರ ಎದುರು ಓದಿದೆ. ಹತ್ತು ಗಂಟೆಗೆ ಟೈಮರಿನಿಂದ ಹತ್ತಿದೆ. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಕೆಂಪು ಗುಂಡಿಯಿಂದ ಆರಿದೆ. ಹತ್ತು ಇಪ್ಪತ್ತಕ್ಕೆ ಮಲ್ಲಿಕಾರ್ಜುನ್ ಫೋನಿನಿಂದ ಹತ್ತಿದೆ. ಇಪ್ಪತ್ತೊಂದಕ್ಕೆ ಮತ್ತೆ ಕೆಂಪು ಗುಂಡಿ. ಹೀಗೆ ಒಂದೇ ರಾತ್ರಿ ಹದಿನಾಲ್ಕು ಸಲ.

ಹಂದಿ ಕಾಟಕ್ಕೆ, ಮನೆಗೆ ಕಾಣದಷ್ಟು ದೂರದ ಹೊಲ ಕಾಯಲೆಂದು ರಾತ್ರಿ ಅಲ್ಲೇ ಮಲಗುವವರು ಶಿವಮಲ್ಲಪ್ಪ. ಬೆಳಕಿದ್ದರೆ ನಿದ್ದೆ ಬರುವುದಿಲ್ಲ, ಹುಳ ಬೇರೆ ಮುತ್ತುತ್ತವೆ. ಮಗ ನಂಜನಗೂಡಿನ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟಿನಲ್ಲಿ ಕೂತು ಫೋನ್ ನೋಡುತ್ತಾನೆ, ಆಫ್ ಎಂದು ಕಂಡರೆ ಆನ್ ಒತ್ತುತ್ತಾನೆ. ಇಬ್ಬರೂ ಎರಡು ವಾರ ಹೀಗೆ ಕಾದಾಡಿದ್ದರು, ಎದುರಾಳಿ ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ಇಲ್ಲಿ ಬಡವಾದದ್ದು ಗಿಡ.

"ನೀನಾ ಒತ್ತುತಿದ್ದದ್ದು?" ಎಂದರು ಅಪ್ಪ.

"ನೀನಾ?" ಎಂದ ಮಗ.

ಕಾಫಿ ತಂದ ಶಿವಮಲ್ಲಪ್ಪನವರ ಹೆಂಡತಿ ಪುಟ್ಟಬಸಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಯನ ನಗಲಿಲ್ಲ.

"ಈಗಿರೋ ಲೆಕ್ಕದಲ್ಲಿ ಕೊನೇಲಿ ಯಾರು ಹೇಳಿದ್ರೋ ಅವ್ರ ಮಾತು ನಡೆಯುತ್ತೆ. ಅದಕ್ಕೇ ಜಗಳ" ಎಂದೆ. "ಬದಲಾಯಿಸಿ ಒಬ್ಬರನ್ನ ಒಂದನೇ ನಂಬರ್ ಮಾಡಬಹುದು. ಅವ್ರು ಹೇಳಿದ ಮೇಲೆ ಬೇರೆಯವ್ರ ಮಾತು ಬಾಕ್ಸ್ ಕೇಳಲ್ಲ. ಒಂದನೇ ನಂಬರ್ ಯಾರು?"

ಇಂಥ ಪ್ರಶ್ನೆಯನ್ನು ಮನೆ ಮಂದಿಯೆಲ್ಲ ನಿಂತಿರುವಾಗ ಕೇಳಬಾರದು. ಶಿವಮಲ್ಲಪ್ಪ ಮೀಸೆ ಸವರಿದರು. ಸಿಮ್ ತನ್ನ ಹೆಸರಿನಲ್ಲಿದೆ ಎಂದ ಮಲ್ಲಿಕಾರ್ಜುನ್. ಬೆಳೆ ಯಾರದೋ ಅವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ಅವಳ ಬಾಯಲ್ಲೂ. ನನಗೆ ರೇಗಿತು.

"ಇನ್ನೊಂದು ದಾರಿ ಇದೆ. ಯಾರೂ ಒಂದನೇ ನಂಬರ್ ಬೇಡ. ಯಾರೊಬ್ಬರು ಹತ್ತಿಸಿದ್ರೂ ಹತ್ತುತ್ತೆ. ಹತ್ತಿಸಿದವರೆಲ್ಲ ಆರಿಸಿದ್ರೇನೇ ಆರುತ್ತೆ."

"ಅಂದ್ರೆ ನನ್ ಮೇಲೆ ಯಾರೂ ಇಲ್ಲ?" ಎಂದರು ಶಿವಮಲ್ಲಪ್ಪ.

"ಯಾರೂ ಇಲ್ಲ ಯಜಮಾನ್ರೇ."

"ಅಂಗೇ ಮಾಡವ್ವ."

ಮಾಡಿದೆ. ಟೈಮರ್ ಹತ್ತಿಸಿದ್ದನ್ನು ಇನ್ನು ಕೆಂಪು ಗುಂಡಿ ಆರಿಸುವಂತಿರಲಿಲ್ಲ. ಮೊಗ್ಗು ಬಿಟ್ಟ ತುದಿಗಳನ್ನು ನಯನ ಚಿವುಟಿ ಹಾಕಿದಳು. ನರಸೀಪುರಕ್ಕೆ ವಾಪಸ್ಸಾಗುವಾಗ ಭಾರಿ ಜಾಣೆ ಎಂದು ನನ್ನ ಬಗ್ಗೆ ನನಗೇ ಅನ್ನಿಸಿತ್ತು. ಬೆಳಕಿನ ಜಗಳ ಬಿಡಿಸಿದ್ದೆ, ನಿಜ. ಅದೇ ಗಿಡಕ್ಕೆ ಮುಂದೆ ಕತ್ತಲೂ ಬೇಕಲ್ಲ ಎಂಬುದು ತಲೆಗೆ ಹೊಳೆದಿರಲಿಲ್ಲ.

ಜನವರಿ ಐದಕ್ಕೆ ನಯನಳ ಫೋನ್ ಬಂತು. ಡಿಸೆಂಬರ್ ಎಂಟರಂದೇ ಟೈಮರ್ ತೆಗೆದಿದ್ದಳಂತೆ, ಗಂಡನ ಫೋನಿನಲ್ಲೂ ಆಫ್ ಮಾಡಿಸಿದ್ದಳಂತೆ. ನಾಲ್ಕು ವಾರವಾದರೂ ಒಂದು ಮೊಗ್ಗಿಲ್ಲ. ಹೋಗಿ ನೋಡಿದರೆ ಗಿಡ ನನ್ನ ಎದೆಯುದ್ದ ಬೆಳೆದು, ಹಸಿರು ಹಸಿರಾಗಿ, ಹೂವಿನ ಯೋಚನೆಯೇ ಇಲ್ಲದೆ ನಿಂತಿತ್ತು.

ದಾಖಲೆ ತೆಗೆದೆ. ಡಿಸೆಂಬರ್ ಎಂಟರಿಂದ ಪ್ರತಿ ರಾತ್ರಿ ಹತ್ತಕ್ಕೆ ಹಸಿರು ಗುಂಡಿ, ಎರಡಕ್ಕೆ ಕೆಂಪು ಗುಂಡಿ. ಇಪ್ಪತ್ತೆಂಟು ರಾತ್ರಿಯಲ್ಲಿ ಒಂದೂ ತಪ್ಪಿಲ್ಲ.

ಓದುವ ಮೊದಲೇ ಶಿವಮಲ್ಲಪ್ಪ ಶುರು ಮಾಡಿದರು. "ನಿಮ್ ಬಾಕ್ಸು ಕೈ ಕೊಟ್ಬುಡ್ತು ಕಣವ್ವ. ಅತ್ಗಂಟೆಗೆ ಅತ್ಕಳದನ್ನೇ ಬುಟ್ಬುಡ್ತು. ಸೊಸೆ ಬೆಳೆ ಆಳಾದದು ಅಂತ ನಾನೇ ಒತ್ತಿವ್ನಿ, ದಿನಾ. ಎಲ್ಡ್ ಗಂಟೆ ಗಂಟ ರೆಪ್ಪೆ ಮುಚ್ಚಿಲ್ಲ. ನೋಡು, ಎಂಗೆ ಬೆಳೆದದೆ! ದೇವನೂರಿಂದೆಲ್ಲ ಬಂದು ನೋಡ್ಕಂಡೋದ್ರು."

ಅವರ ಮುಖದಲ್ಲಿ ಅಷ್ಟು ಖುಷಿಯಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಹೆಂಡತಿ ಹೇಳಿದ್ದನ್ನು ಅಪ್ಪನಿಗೆ ತಿಳಿಸಬೇಕಾಗಿದ್ದ ಮಲ್ಲಿಕಾರ್ಜುನ್ ನೆಲ ನೋಡುತ್ತಿದ್ದ. ಅವನು ಮನೆಗೆ ಬರುವ ಹೊತ್ತಿಗೆ ಅಪ್ಪ ಹೊಲದಲ್ಲಿ, ಅಪ್ಪ ಮನೆಗೆ ಬರುವ ಹೊತ್ತಿಗೆ ಅವನಿಗೆ ನಿದ್ದೆ. ನಾಳೆ ಹೇಳಿದರಾಯಿತು ಎಂದು ಒಂದು ತಿಂಗಳು ಕಳೆದಿದ್ದ, ಆಫ್ ಮಾಡಿದ ಮೇಲೆ ಫೋನಿನಲ್ಲಿ ಲೈಟು ನೋಡುವುದನ್ನೂ ಬಿಟ್ಟಿದ್ದ. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿಯಿಲ್ಲ.

ಅವತ್ತು ನಯನ ಮಾತಾಡಿದಳು. "ಮಾವ, ಬಾಕ್ಸ್ ಕೆಟ್ಟಿರ್ಲಿಲ್ಲ. ನಾನೇ ಆಫ್ ಮಾಡಿದ್ದೆ. ಹೂ ಬರಕೆ ಕತ್ಲೆ ಬೇಕು."

ಶಿವಮಲ್ಲಪ್ಪ ಅವಳನ್ನು ನೋಡಿದರು. ಆಮೇಲೆ ಗಿಡ ನೋಡಿದರು. ಒಂದು ರೆಂಬೆ ಹಿಡಿದು, ತುದಿಯನ್ನು ಬೆರಳಲ್ಲಿ ಬಿಡಿಸಿ ನೋಡಿದರು. ಒಳಗೆ ಬರೀ ಎಲೆ.

"ನಂಗ್ಯಾರೂ ಏಳ್ನೇ ಇಲ್ವಲ್ಲ" ಎಂದರು ಸಣ್ಣ ದನಿಯಲ್ಲಿ.

"ನಾನು ಹೇಳ್ಬೇಕಿತ್ತು ಮಾವ."

"ಈಗ ಆರ್ಸುದ್ರೆ ಯಾವಾಗ ಬಂದದು?"

"ಎರಡು ತಿಂಗ್ಳ ಮೇಲೆ ಹತ್ತು ದಿನ. ಶಿವರಾತ್ರಿಗೆ ಆಗಲ್ಲ."

ಷರತ್ತು ಮುರಿದಿತ್ತು. ಬಾಳೆ ಕಂದಿನ ಗುಡ್ಡೆ ಮೋಟರು ಮನೆಯ ಹಿಂದೆ ಸಿದ್ಧವಾಗಿಯೇ ಬಿದ್ದಿತ್ತು, ನಾನೇ ನೋಡಿದ್ದೆ. ಶಿವಮಲ್ಲಪ್ಪ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ಏನೋ ಎಣಿಸಿದರು.

"ಯುಗಾದಿಗೆ?"

"ಯುಗಾದಿಗೆ ಬತ್ತದೆ."

"ಅಂಗಾರೆ ಸರ್ಯಾಗೇ ಅದಲ್ಲ" ಎಂದು ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನಾನು ಅವತ್ತು ಏಳಿದ್ದು ಯುಗಾದಿ ಅಂತ."

ಮಲ್ಲಿಕಾರ್ಜುನ್ ತಲೆಯೆತ್ತಿದ. "ಇಲ್ಲ ಕಣಪ್ಪ, ನೀನು ಶಿವರಾತ್ರಿ ಅಂತ—"

"ಸುಮ್ನಿರ್ಲಾ" ಎಂದರು ಪುಟ್ಟಬಸಮ್ಮ. "ಯುಗಾದಿ ಅಂತ್ಲೇ ಏಳಿದ್ದು. ನಾನು ಅಲ್ಲೇ ಇದ್ನಲ್ಲ."

ನಯನ ಬದುವಿನ ಮೇಲೆ ಕುಸಿದು ಕೂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ. ಮಾಡಲು ಹೋಗಿದ್ದರೆ, ಅವತ್ತು ಹೇಳಿದ್ದು ಶಿವರಾತ್ರಿಯೇ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.