ಬರ್ತೀನಿ ಅಂದವನು

ಲಾಂಡ್ರಿಯವನು ಊರು ಬಿಡುವಾಗ ಗಿರಾಕಿಗಳ ಬಟ್ಟೆಯನ್ನೆಲ್ಲ ಹಾಗೇ ಬಿಟ್ಟು ಓಡಿದ್ದ. ಚೀಟಿ ಸಿಕ್ಕಿಸಿದ ಕೋಟುಗಳು, ಯಾರದೋ ಮದುವೆಯ ಸೂಟು, ಶಾಲೆಯ ಯೂನಿಫಾರ್ಮುಗಳು ಸಾಲಾಗಿ ತೂಗುತ್ತಿದ್ದವು. ಅವುಗಳ ಹಿಂದೆ, ಇಸ್ತ್ರಿ ಮೇಜನ್ನು ಅಡ್ಡ ಕೆಡವಿಕೊಂಡು ನಾಲ್ಕು ಜನ ಸೈನಿಕರು ಕೂತಿದ್ದರು. ಐದನೆಯವನು ರಸ್ತೆಯಾಚೆ, ಎದುರು ಕಟ್ಟಡದ ಮೇಲಿನ ಮಹಡಿಯಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಕೋಣೆಯಲ್ಲಿದ್ದ. ರಸ್ತೆಯ ತುದಿಯಲ್ಲಿ ಶತ್ರುಗಳ ಮೆಷಿನ್ ಗನ್ ಇತ್ತು. ಬೆಳಿಗ್ಗೆ ರಸ್ತೆ ದಾಟಲು ಹೊರಟ ನಾಯಿಯನ್ನೂ ಅದು ಬಿಟ್ಟಿರಲಿಲ್ಲ.

ಎದುರಿನವನನ್ನು ದಳದಲ್ಲಿ ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಬೇಕಾದ ಆಳು. ಕಂಪೌಂಡರ್ ಮಾತ್ರ ಅವನನ್ನು ಭಾವ ಎನ್ನುತ್ತಿದ್ದ, ಯಾಕೆಂದರೆ ತನ್ನ ಅಕ್ಕನನ್ನು ಕೊಟ್ಟಿದ್ದು ಅವನಿಗೇ. ಯುದ್ಧಕ್ಕೆ ಮೊದಲು ಸಣ್ಣ ಕ್ಲಿನಿಕ್ಕಿನಲ್ಲಿ ಔಷಧಿ ಪೊಟ್ಟಣ ಕಟ್ಟುತ್ತಿದ್ದವನು ಕಂಪೌಂಡರ್. ಈಗ ದಳದ ಗಾಯಗಳೆಲ್ಲ ಅವನ ಪಾಲಿಗೆ ಬಂದಿದ್ದವು.

‘ಏನು ಕಾಣ್ತಿದೆ ಉದ್ದಣ್ಣ?’ ಹವಾಲ್ದಾರ ವೈರ್‌ಲೆಸ್ಸಿನಲ್ಲಿ ಕೇಳಿದ.

‘ರಸ್ತೆ ಕಾಣ್ತಿದೆ ಅಣ್ಣ. ಡಾಕ್ಟ್ರ ಕುರ್ಚಿ ಮೇಲೆ ಕೂತಿದೀನಿ. ಹಿಂದಕ್ಕೆ ಬಾಗುತ್ತೆ, ಕಾಲು ಚಾಚ್ಕೋಬಹುದು. ಮನೇಲೂ ಇಂಥ ಸುಖ ಇರ್ಲಿಲ್ಲ.’

ಕಂಪೌಂಡರ್ ಮಧ್ಯೆ ಬಾಯಿ ಹಾಕಿದ. ‘ಅಕ್ಕನಿಗೆ ಹೇಳ್ತೀನಿ ಇರಿ ಭಾವ.’

‘ಹೇಳಪ್ಪಾ. ಚಾಡಿ ಹೇಳೋದು ಬಿಟ್ರೆ ನಿಮ್ಮನೆಯವರಿಗೆ ಬೇರೇನು ಬರುತ್ತೆ?’

‘ಸಾಕು, ಬ್ಯಾಟರಿ ಸಾಯ್ತಾ ಇದೆ’ ಎಂದು ಹವಾಲ್ದಾರ ವೈರ್‌ಲೆಸ್ ಆರಿಸಿದ.

ಈ ದಳದಲ್ಲಿ ಒಂದು ನಿಯಮವಿತ್ತು. ಯಾರೂ ‘ಹೋಗ್ತೀನಿ’ ಎನ್ನುವಂತಿಲ್ಲ. ಮನೆಯಿಂದ ಹೊರಡುವವರು ಆ ಮಾತನ್ನು ನುಂಗಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ಇಲ್ಲಿ ಅದು ಹವಾಲ್ದಾರನ ಆಜ್ಞೆಯೇ ಆಗಿತ್ತು. ಹಿಂದೆ ಅಡುಗೆಯವನೊಬ್ಬ ‘ನೀರಿಗೆ ಹೋಗ್ತೀನಿ’ ಎಂದು ಬಕೆಟ್ ಹಿಡಿದು ಹೊರಟಿದ್ದ. ಬಕೆಟ್ಟೂ ವಾಪಸ್ ಬರಲಿಲ್ಲ. ಅಂದಿನಿಂದ ಕಾವಲಿಗೆ ಹೊರಡಲಿ, ಕಕ್ಕಸಿಗೆ ಹೊರಡಲಿ, ‘ಬರ್ತೀನಿ’ ಎಂದೇ ಹೇಳಿ ಏಳಬೇಕು. ಹವಾಲ್ದಾರನಿಗೆ ಶಕುನದಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಹೆದರಿದವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು, ಒಂದು ಮಾತಾದರೂ ಆದೀತು ಎಂದುಕೊಂಡಿದ್ದ.

ಊಟದ ಹೊತ್ತು ಮೀರಿದ ಮೇಲೆ, ಸುದ್ದಿ ಕೇಳಲು ಒಂದು ಕ್ಷಣ ವೈರ್‌ಲೆಸ್ ಹಚ್ಚಿದಾಗ, ಮೇಲಿನವರಿಂದ ಆಜ್ಞೆ ಬಂತು. ಮೂರು ಗಂಟೆಗೆ ನಮ್ಮದೇ ಫಿರಂಗಿಗಳು ಈ ರಸ್ತೆಯನ್ನು ಪುಡಿ ಮಾಡಲಿವೆ. ಅಷ್ಟರೊಳಗೆ ಹಿಂದಿನ ಕಾಲುವೆ ದಾಟಿರಬೇಕು. ಲಾಂಡ್ರಿಗೆ ಹಿಂಬಾಗಿಲಿತ್ತು, ಅಲ್ಲಿಂದ ಕಾಲುವೆಗೆ ದೂರವೇನಿಲ್ಲ. ಆದರೆ ಸಪ್ಪೆಯನ್ನು ಹೊರಬೇಕಿತ್ತು. ಊಟಕ್ಕೆ ಕೂತಾಗಲೆಲ್ಲ ಉಪ್ಪಿಲ್ಲ ಎಂದು ಗೊಣಗಿ ಆ ಹೆಸರು ಗಳಿಸಿದ್ದವನು, ತೊಡೆಗೆ ಗುಂಡು ತಗುಲಿ ಬೆಡ್‌ಶೀಟುಗಳ ರಾಶಿಯ ಮೇಲೆ ಮಲಗಿದ್ದ. ರಕ್ತ ನಿಲ್ಲಿಸಲು ಬಿಗಿದ ಪಟ್ಟಿ ಆಗಲೇ ಎರಡು ಸಲ ತೊಯ್ದು ಹೋಗಿತ್ತು.

ಹವಾಲ್ದಾರ ಮತ್ತೆ ವೈರ್‌ಲೆಸ್ ಹಚ್ಚಿದ. ‘ಉದ್ದಣ್ಣ, ಮೂರಕ್ಕೆ ನಮ್ಮವರೇ ಇಲ್ಲಿಗೆ ಶೆಲ್ ಹಾಕ್ತಾರೆ. ನಿನ್ನ ಹಿಂದಿನ ಓಣಿ ಖಾಲಿ ಇದ್ರೆ ಅಲ್ಲಿಂದಲೇ ಸುತ್ತಿಕೊಂಡು ಕಾಲುವೆ ಕಡೆ ನಡಿ, ಸೇತುವೆ ಹತ್ರ ಸಿಗೋಣ. ಇಲ್ಲಾಂದ್ರೆ ಈ ಕಡೆಗೇ ಬಾ. ಆ ಗನ್ನಿನವನು ತಲೆ ಎತ್ತದ ಹಾಗೆ ನಾವು ನೋಡ್ಕೋತೀವಿ. ಓಣಿ ನೋಡ್ಕೊಂಡು ಹೇಳು.’

‘ಆಯ್ತು, ನೋಡ್ತೀನಿ.’

ನಾಲ್ವರೂ ಕಾದರು. ಆಮೇಲೆ ವೈರ್‌ಲೆಸ್ ಕೊರಕೊರ ಎಂದಿತು. ‘...ಓಣಿ ನೋಡ್ದೆ ಅಣ್ಣ...’ ಮತ್ತೆ ಕೊರಕೊರ. ‘...ಬರ್ತೀನಿ.’

ಅಷ್ಟೇ. ಹವಾಲ್ದಾರ ಗುಂಡಿ ಒತ್ತಿದ, ತಟ್ಟಿದ, ಬ್ಯಾಟರಿ ತೆಗೆದು ಅಂಗೈಯಲ್ಲಿ ಉಜ್ಜಿ ಹಾಕಿದ. ವೈರ್‌ಲೆಸ್ ಸತ್ತಿತ್ತು.

‘ಬರ್ತಾನಂತೆ’ ಎಂದು ಅವನು ಬಂದೂಕು ಎತ್ತಿಕೊಂಡ. ‘ಶಟರ್ ಹತ್ರ ಬನ್ನಿ. ಅವನು ಬಾಗಿಲಿಗೆ ಬಂದ ತಕ್ಷಣ ಗುಂಡು ಹಾರಿಸೋಣ.’

ಮೇಷ್ಟ್ರು ಜಾಗ ಬಿಟ್ಟು ಏಳಲಿಲ್ಲ. ಮೊದಲು ಪ್ರೈಮರಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮನುಷ್ಯ. ‘ಅಣ್ಣ, ಇಲ್ಲಿಗೆ ಬರ್ತೀನಿ ಅಂದನೋ, ನಮ್ಮ ರೂಲ್ ಪ್ರಕಾರ ಬರ್ತೀನಿ ಅಂದನೋ?’

ಹವಾಲ್ದಾರ ಬಂದೂಕು ಇಳಿಸಿದ. ಮೇಷ್ಟ್ರು ಮುಂದುವರಿಸಿದ.

‘ಓಣಿ ಖಾಲಿ ಇದ್ದು ಹೊರಟಿದ್ರೆ ಏನನ್ನಬೇಕಿತ್ತು ಅವನು? ಅದನ್ನೇ ತಾನೇ. ಬೇರೆ ಮಾತು ಬಾಯಿಗೆ ತರೋ ಹಾಗಿಲ್ಲವಲ್ಲ.’

‘ಮಧ್ಯದಲ್ಲಿ ಏನೋ ಕೊರಕೊರ ಅಂತಲ್ಲ’ ಎಂದ ಸಪ್ಪೆ, ಮಲಗಿದಲ್ಲಿಂದಲೇ. ‘ಅಲ್ಲೇ ಹೇಳಿರ್ತಾನೆ. ಖಾಲಿ ಅಂತಲೋ, ಜನ ಇದ್ದಾರೆ ಅಂತಲೋ.’

‘ಏನು ಹೇಳಿದ ಅಂತ ನಿನಗೆ ಗೊತ್ತಾಯ್ತಾ?’ ಹವಾಲ್ದಾರ ಕೇಳಿದ.

‘ಗೊತ್ತಾಗಿದ್ರೆ ಯಾಕೆ ಸುಮ್ನಿರ್ತಿದ್ದೆ? ನನ್ನ ಕಾಲಿಗಾಗಿರೋದು, ಬಾಯಿಗಲ್ಲ.’

ಮೇಷ್ಟ್ರು ಎದ್ದು ಬಂದು ಶಟರಿನ ಸಂದಿಯಿಂದ ನೋಡಿದ. ಎದುರು ಕಟ್ಟಡದ ಮೇಲಿನ ಕಿಟಕಿಯಲ್ಲಿ ಪರದೆ ಅಲುಗುತ್ತಿತ್ತು, ಅದು ಗಾಳಿಗೆ. ಕೆಳಗಿನ ಬಾಗಿಲು ಮುಚ್ಚಿತ್ತು. ಕೂಗೋಣವೆಂದರೆ ತುದಿಯ ಗನ್ನಿನವನಿಗೆ ಕೇಳಿಸುತ್ತದೆ, ಉದ್ದಣ್ಣ ಬಾಗಿಲು ತೆರೆಯುವುದನ್ನೇ ಅವನು ಕಾದು ಕೂರುತ್ತಾನೆ. ಇಲ್ಲಿಗೇ ಬರುವುದಿದ್ದರೆ ಇಷ್ಟು ಹೊತ್ತಿಗೆ ಕೆಳಗಿಳಿದಿರಬೇಕಿತ್ತು. ಮೂರು ಮಹಡಿ ಇಳಿಯಲು ಎಷ್ಟು ಹೊತ್ತು ಬೇಕು?

ಹವಾಲ್ದಾರ ಗಡಿಯಾರ ನೋಡಿಕೊಂಡ. ಸಪ್ಪೆಯ ಪಟ್ಟಿ ನೋಡಿದ. ಕೊನೆಗೆ ಕಂಪೌಂಡರನ ಕಡೆ ತಿರುಗಿದ.

‘ನೀನು ಅವನ ಮನೆಯವನು. ಆ ಬಾಯಿ ನಿನಗೆ ಗೊತ್ತು. ಏನು ಹೇಳ್ತೀಯ?’

ಕಂಪೌಂಡರ್ ತುಟಿ ಒದ್ದೆ ಮಾಡಿಕೊಂಡ. ಅಕ್ಕನ ಮನೆಯ ಪಡಸಾಲೆ ಅವನ ಕಣ್ಣಮುಂದೆ ಬಂತು. ‘ಅಕ್ಕ ಊಟಕ್ಕೆ ಕರೆದ್ರೆ ಭಾವ “ಬಂದೆ” ಅಂತಾರೆ. “ಬಂದೆ ಕಣೇ” ಅಂತ ಎದ್ದೇ ಬಿಡ್ತಾರೆ. “ಬರ್ತೀನಿ” ಅನ್ನೋದು ಬಾಗಿಲಲ್ಲಿ ಚಪ್ಪಲಿ ಮೆಟ್ಕೊಂಡಾಗ ಮಾತ್ರ.’

‘ಅಂದ್ರೆ?’

‘ಅಂದ್ರೆ ಹೊರಟಿದ್ದಾರೆ ಅಣ್ಣ. ಇಷ್ಟೊತ್ತಿಗೆ ಸೇತುವೆ ಹತ್ರ ಇರ್ತಾರೆ.’

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಇನ್ನೊಂದು ನೆನಪಾಯಿತು. ರಜೆಯ ದಿನ ಮಂಚದ ಮೇಲೆ ಬಿದ್ದುಕೊಂಡು ಪೇಪರ್ ಓದುವ ಭಾವ. ಒಳಗಿನಿಂದ ಅಕ್ಕನ ಕೂಗು. ‘ಬರ್ತೀನಿ ಕಣೇ, ಬರ್ತೀನಿ.’ ಏಳುವುದು ಎಷ್ಟೋ ಹೊತ್ತಿನ ಮೇಲೆ. ಆದರೆ ಏಳುತ್ತಿದ್ದ, ಬರುತ್ತಿದ್ದ.

ಅದನ್ನು ಹೇಳಬೇಕಿತ್ತು. ಹೇಳಿದರೆ ಕಾಯಬೇಕಾಗುತ್ತದೆ. ಕಾದರೆ ಸಪ್ಪೆಯನ್ನು ಹೊತ್ತು ಕಾಲುವೆ ಮುಟ್ಟಲು ಸಮಯ ಉಳಿಯುವುದಿಲ್ಲ. ಹಾಗೆಂದು ಸಪ್ಪೆಗಾಗಿ ಸುಮ್ಮನಾದನೋ, ತನಗಾಗಿಯೋ ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಸುಮ್ಮನಾದ, ಅಷ್ಟೇ.

‘ಎತ್ತಿ ಹಾಗಾದ್ರೆ’ ಎಂದ ಹವಾಲ್ದಾರ.

ಬೆಡ್‌ಶೀಟನ್ನು ಜೋಲಿ ಮಾಡಿ ಸಪ್ಪೆಯನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದರು. ಗೋಡೆ ಬಿದ್ದ ಹಿತ್ತಿಲುಗಳು, ಸೈಕಲ್ ಅಂಗಡಿಯ ಹಿಂಭಾಗ, ಒಣಗಲು ಹಾಕಿದಲ್ಲೇ ಬಿಟ್ಟ ಬಟ್ಟೆಗಳು. ಕಾಲುವೆಯ ಸೇತುವೆ ಎಂದರೆ ಕಂಬಿ ಮುರಿದ ಕಾಲುದಾರಿ ಅಷ್ಟೇ. ಆಚೆ ದಡದ ಪಂಪ್‌ಹೌಸಿನ ಮರೆಯಲ್ಲಿ ಸಪ್ಪೆಯನ್ನು ಇಳಿಸಿ ಕಂಪೌಂಡರ್ ಸುತ್ತ ನೋಡಿದ. ಪಂಪ್‌ಹೌಸಿನ ಒಳಗೆ ನೋಡಿದ. ಹಿಂದೆ ಸುತ್ತಿ ಬಂದ.

ಉದ್ದಣ್ಣ ಇರಲಿಲ್ಲ.

‘ಓಣಿ ಸುತ್ತು ದಾರಿ ಇರಬೇಕು’ ಎಂದ ಮೇಷ್ಟ್ರು, ಅವನ ಮುಖ ನೋಡದೆ.

ಕಂಪೌಂಡರ್ ಸೇತುವೆಗೆ ಕಾಲಿಟ್ಟ. ಹವಾಲ್ದಾರ ಅವನ ಬೆಲ್ಟು ಹಿಡಿದು ಎಳೆದ. ಅಷ್ಟರಲ್ಲಿ ಆಕಾಶ ಸಿಳ್ಳೆ ಹಾಕಿತು. ಮೊದಲ ಶೆಲ್ ಬಿತ್ತು. ಮತ್ತೆ ಬಿದ್ದವು, ಒಂದರ ಮೇಲೊಂದು, ಲಾಂಡ್ರಿ ಇದ್ದ ಕಡೆಯೇ. ನಾಲ್ವರೂ ನೆಲಕ್ಕೆ ಮುಖ ಒತ್ತಿ ಮಲಗಿದರು. ಕಂಪೌಂಡರನ ಬೆಲ್ಟನ್ನು ಹವಾಲ್ದಾರ ಬಿಟ್ಟಿರಲಿಲ್ಲ.

ಧೂಳು ಇನ್ನೂ ಇಳಿದಿರಲಿಲ್ಲ. ಅದರೊಳಗಿನಿಂದ ಒಬ್ಬ ಆಳು ಕುಂಟುತ್ತ ಸೇತುವೆಗೆ ಬಂದ. ಅಷ್ಟೆತ್ತರದವನು ಬೇರೆ ಯಾರೂ ಇರಲಿಲ್ಲ. ತಲೆಯಿಂದ ಬೂಟಿನವರೆಗೆ ಸುಣ್ಣ ಬಳಿದಂತಿದ್ದ. ಎಡಗೈ ಮೊಣಕೈಯಿಂದ ಕೆಳಗೆ ಜೋತಾಡುತ್ತಿತ್ತು.

ಮೇಷ್ಟ್ರು ಓಡಿಹೋಗಿ ಹಿಡಿದುಕೊಂಡ. ತಂದು ಪಂಪ್‌ಹೌಸಿನ ಗೋಡೆಗೆ ಒರಗಿಸಿದರು.

‘ಓಣಿ ತುಂಬ ಅವರೇ’ ಎಂದ ಉದ್ದಣ್ಣ. ‘ಹೇಳ್ದೆನಲ್ಲ. ಕೆಳಗೆ ಬಂದ್ರೆ ಬಾಗಿಲಿಗೆ ಅಡ್ಡ ಔಷಧಿ ಬೀರು ಬಿದ್ದಿತ್ತು. ಅದನ್ನ ಸರಿಸೋದ್ರಲ್ಲಿ ಹೊತ್ತಾಯ್ತು. ಬಾಗಿಲು ತೆಗೆದು ಓಡಿದೆ. ನೀವು ಗುಂಡು ಹಾರಿಸ್ತೀರಿ ಅಂತ ಓಡಿದೆ.’ ಉಸಿರು ಎಳೆದುಕೊಂಡ. ‘ಅಂಗಡಿ ಒಳಗೆ ಕತ್ತಲು. ನೀವೇ ನಿಂತಿದೀರ ಅಂದ್ಕೊಂಡು ಒಂದು ಕೋಟಿನ ತೋಳು ಹಿಡಿದೆ ಅಣ್ಣ.’

ಹವಾಲ್ದಾರ ಟೋಪಿ ತೆಗೆದ. ‘ತಪ್ಪು ನಂದು. ನೀನು ಓಣಿಯಿಂದ ಹೊರಟೆ ಅಂತ ನಾನೇ ತಿಳ್ಕೊಂಡೆ.’

ಕಂಪೌಂಡರ್ ಅಂಗಿಯ ತೋಳು ಕತ್ತರಿಸಿ ಕೈಗೆ ಪಟ್ಟಿ ಸುತ್ತುತ್ತಿದ್ದ. ಹವಾಲ್ದಾರ ಹೊತ್ತುಕೊಂಡ ತಪ್ಪನ್ನು ಅವನ ಮೇಲೇ ಬಿಡಬಹುದಿತ್ತು. ಮೇಷ್ಟ್ರು ಬಾಯಿ ಬಿಡುತ್ತಿರಲಿಲ್ಲ, ಸಪ್ಪೆಯೂ ಬಿಡುತ್ತಿರಲಿಲ್ಲ.

‘ತಪ್ಪು ಅಣ್ಣಂದಲ್ಲ, ಭಾವ’ ಎಂದ ಕಂಪೌಂಡರ್. ‘ಹೊರಟಿದ್ದಾರೆ ಅಂತ ಹೇಳಿದ್ದು ನಾನು.’

ಉದ್ದಣ್ಣ ಅವನನ್ನೇ ನೋಡಿದ. ರೆಪ್ಪೆಯ ಮೇಲೂ ಧೂಳಿತ್ತು.

‘ನಾನು ಬರದೇ ಹೋಗಿದ್ರೆ ನಿಮ್ಮಕ್ಕನಿಗೆ ಏನು ಹೇಳ್ತಿದ್ದೆ?’

ಕಂಪೌಂಡರ್ ಗಂಟು ಹಾಕುವ ಕೈ ನಿಲ್ಲಿಸಿದ. ‘ಬರ್ತೀನಿ ಅಂದ್ರು ಅಂತ ಹೇಳ್ತಿದ್ದೆ.’

‘ಕಾಯ್ತಾನೇ ಇರ್ತಿದ್ಳು ಹಾಗಾದ್ರೆ’ ಎಂದ ಉದ್ದಣ್ಣ. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ಸುಮ್ಮನೆ ಲೆಕ್ಕ ಹಾಕಿ ಹೇಳಿದಂತೆ ಹೇಳಿದ.

ಹೊರಡಲು ಹವಾಲ್ದಾರ ಕೈ ಸನ್ನೆ ಮಾಡಿದ. ಉದ್ದಣ್ಣನಿಗೆ ಒಂದು ಪಾದ ಊರಲು ಆಗುತ್ತಿರಲಿಲ್ಲ. ಕಂಪೌಂಡರ್ ಬಲಗಡೆ ಬಂದು ಬಗ್ಗಿ ಹೆಗಲು ಕೊಟ್ಟ. ಉದ್ದಣ್ಣ ಅವನ ತಲೆಯ ಮೇಲಿನಿಂದ ಆಚೆ ನೋಡಿದ.

‘ಮೇಷ್ಟ್ರೇ, ಸ್ವಲ್ಪ ಬನ್ನಿ.’

ಮೇಷ್ಟ್ರು ಜೋಲಿಯ ತುದಿ ಬಿಟ್ಟು ಬಂದ. ಆ ತುದಿಯನ್ನು ಕಂಪೌಂಡರ್ ಹಿಡಿದ. ಮುಂದೆ ಹವಾಲ್ದಾರ, ನಡುವೆ ಜೋಲಿಯಲ್ಲಿ ಸಪ್ಪೆ, ಹಿಂದೆ ಅವನು. ಬದಿಯಲ್ಲಿ ಆ ಇಬ್ಬರು ಮೂರು ಕಾಲಿನಲ್ಲಿ ನಡೆದರು.

ಸ್ವಲ್ಪ ದೂರ ಹೋದ ಮೇಲೆ ಸಪ್ಪೆ ಕತ್ತು ತಿರುಗಿಸಿ ಪಿಸುಗುಟ್ಟಿದ. ‘ಕಂಪೌಂಡ್ರೇ, ಕಾದಿದ್ರೆ ನಾನು ಅಲ್ಲೇ ಮುಗೀತಿದ್ದೆ. ನೀವು ಅಷ್ಟು ಹೇಳಿದ್ದಕ್ಕೆ...’

‘ಸುಮ್ನಿರೋ’ ಎಂದ ಕಂಪೌಂಡರ್. ‘ದಮ್ಮಯ್ಯ, ಸುಮ್ನಿರು.’