ಬಾಯಲ್ಲಿ ಒಣಗಿದ ಅಕ್ಕಿ

ನಮ್ಮ ಅಜ್ಜಿ ಗಿರಿಜಾಂಬಾ ಹೇಳುತ್ತಿದ್ದ ಕಥೆಗಳಲ್ಲಿ ಕಳ್ಳನನ್ನು ಹಿಡಿಯುವುದು ಬಲು ಸುಲಭ. ರಾಜ ಎಲ್ಲರಿಗೂ ಮಂತ್ರಿಸಿದ ಅಕ್ಕಿ ಅಗಿಯಲು ಕೊಡುತ್ತಾನೆ. ಕದ್ದವನ ಬಾಯಲ್ಲಿ ಅದು ಒದ್ದೆಯಾಗುವುದೇ ಇಲ್ಲ. ಅವಳ ಮಡಿಲಲ್ಲಿ ತಲೆಯಿಟ್ಟು ಕೇಳುವಾಗ ಆ ಅಕ್ಕಿ ನನಗೆ ಮುತ್ತಿನಂತೆ ಕಾಣುತ್ತಿತ್ತು.

ತೊಂಬತ್ತೆಂಟರ ಫೆಬ್ರವರಿಯಲ್ಲಿ, ಮೂಡಿಗೆರೆ ಹತ್ತಿರದ ನಮ್ಮ ತೋಟದ ಕಣದಿಂದ ಒಂದು ಚೀಲ ಕಾಳುಮೆಣಸು ಕಾಣೆಯಾಯಿತು. ಕಾಫಿ ಕುಡಿಯುತ್ತಾ ಅಪ್ಪ ಓಂಕಾರಪ್ಪ, "ಯಾವುದೋ ಮಕ್ಕಳ ಕೆಲಸ. ಸ್ಟೇಷನ್ನಿಗೆ ಕೊಟ್ರೆ ಅವರ ಬಾಳು ಹಾಳು. ನಾವೇ ತೀರಿಸೋಣ," ಎಂದರು. ನಮ್ಮಲ್ಲಿ ತೀರಿಸುವುದೆಂದರೆ ಮೊದಲು ಅಕ್ಕಿ, ಆಮೇಲೆ ಬರೆ. ಅದನ್ನು ಎಲ್ಲರೂ ದಯೆಯೆಂದೇ ನಂಬಿದ್ದರು, ನಾನೂ.

ಮರುದಿನ ಬೆಳಿಗ್ಗೆ ತೋಟದಾಳುಗಳ ಮನೆಗಳಿದ್ದ ಕೂಲಿಲೈನಿನ ಆರು ಮಕ್ಕಳು ಕಣದಲ್ಲಿ ಸಾಲಾಗಿ ನಿಂತರು. "ದೇವರ ಮುಂದೆ ಭೇದ ಬೇಡ," ಎಂದು ಅಜ್ಜಿ ನನ್ನ ತಮ್ಮ ಪ್ರಸನ್ನನನ್ನೂ ನಿಲ್ಲಿಸಿದಳು. ವಿಭೂತಿ ಬೆರೆಸಿದ ಅಕ್ಕಿ ಎಲ್ಲರ ಬಾಯಿಗೂ ಬಿತ್ತು. ಉಗುಳಿಸಿದಾಗ ಪ್ರಸನ್ನನದು ನುಣ್ಣನೆಯ ಹಿಟ್ಟು. ತಿಮ್ಮಮ್ಮನ ಮಗಳು, ಹದಿನಾಲ್ಕರ ಶಾಂತಕುಮಾರಿಯ ಬಾಯಿಂದ ಉದುರಿದ್ದು ಒಣ ನುಚ್ಚು.

"ನಾನಲ್ಲ ಅಜ್ಜಮ್ಮಾ, ಹೆದರಿ ಬಾಯಿ ಒಣಗ್ತು!"

"ಕದ್ದೋರೇ ಹೆದರೋದು ಮಾರಾಯ್ತಿ," ಅಂದಳು ಅಜ್ಜಿ.

ಅಪ್ಪ ಕೆನ್ನೆಗೆ ಬಾರಿಸಿದ ರಭಸಕ್ಕೆ ಅವಳು ನೆಲಕ್ಕೆ ಬಿದ್ದಳು. ತುಟಿ ಒಡೆದು, ಒಣಗಲು ಹಾಕಿದ್ದ ಮೆಣಸಿನ ಮೇಲೆ ರಕ್ತ ಹರಿಯಿತು. ತೋಟದ ಲೆಕ್ಕ ಬರೆಯುವ ರೈಟರ್ ಲಕ್ಕಯ್ಯ ಬೆತ್ತದಲ್ಲಿ ಬೆನ್ನಿಗೆ ಬಿಟ್ಟ. ತಡೆಯಲು ಬಂದ ತಿಮ್ಮಮ್ಮನನ್ನು ಇಬ್ಬರು ಒತ್ತಿ ಹಿಡಿದರು. ಒಲೆಯಿಂದ ಕೆಂಪಗೆ ಕಾದ ಸೌಟು ಬಂತು. "ಬೇಡ ಅಪ್ಪಾ," ಎಂದ ನನ್ನ ದನಿ ನನಗೇ ಕೇಳಿಸಲಿಲ್ಲ. ಚರ್ಮ ಚುರ್ರೆಂದಿತು. ಕಾಫಿ ಹಣ್ಣು ಕೀಳುವ ಬಲಗೈಗೇ.

ಎರಡನೆಯ ಬರೆಗೆ ಅಪ್ಪ ಕೈಯೆತ್ತುವಷ್ಟರಲ್ಲಿ ಪ್ರಸನ್ನ ವಾಂತಿ ಮಾಡಿಕೊಂಡ. "ನಾನಪ್ಪಾ... ಕ್ರಿಕೆಟ್ ಬ್ಯಾಟ್ ತಗೊಳ್ಳೋಕೆ ನಾನೇ ಮಾರಿದ್ದು."

ಅಪ್ಪ ಸೌಟನ್ನು ಮೆಲ್ಲಗೆ ಕೆಳಗಿಟ್ಟರು. "ಒಳಗೆ ನಡಿಯೋ. ಹುಡುಗು ಬುದ್ಧಿ. ಕೂರಿಸಿ ಬುದ್ಧಿ ಹೇಳಿದ್ರೆ ಸರಿಹೋಗ್ತಾನೆ."

ಮಗಳ ಕೈಯನ್ನು ಸೆರಗಿನಲ್ಲಿ ಸುತ್ತುತ್ತಾ ತಿಮ್ಮಮ್ಮ ಕೇಳಿದಳು: "ಬುದ್ಧಿ ಹೇಳೋದು ಅಂತಾನೂ ಒಂದಿತ್ತಾ ಸಾವ್ಕಾರ್ರೇ?"

ಓದುವ ಅಕ್ಕತಂಗಿಯರೇ, ಬರೆ ತನಗಲ್ಲವೆಂದು ಬಲ್ಲವನ ಬಾಯಿ ಯಾಕೆ ಒಣಗೀತು?

ಅಜ್ಜಿ ಉಳಿದ ಅಕ್ಕಿಯನ್ನು ಡಬ್ಬಿಗೆ ತುಂಬುತ್ತಿದ್ದಳು, ಮುಂದಿನ ಕಳ್ಳನಿಗೆ. ಕಿತ್ತುಕೊಂಡು ಲೈನಿನ ಕೋಳಿಗಳಿಗೆ ಚೆಲ್ಲಿದೆ.

"ಸೌಜನ್ಯಾ! ದೇವರ ಅಕ್ಕಿ ಕಣೇ!"

"ಇವನಿಗೂ ಬರೆ ಹಾಕು ಅಂತೀಯಾ?" ಎಂದರು ಅಪ್ಪ.

"ಯಾರಿಗೂ ಬೇಡ. ಶಾಂತಿಯ ಕೈ ಮಾಯೋವರೆಗೂ ಅವಳ ಪಾಲಿನ ಹಣ್ಣು ಇವನು ಕೀಳಲಿ. ಕೂಲಿ ಅವಳಿಗೆ."

"ನನ್ನ ಮಗ ಕೂಲಿಗಾ? ಜನ ನಗ್ತಾರೆ!"

"ಹಾಗಾದ್ರೆ ಸ್ಟೇಷನ್ನಿಗೆ ನಾನೇ ಹೋಗ್ತೀನಿ. ಇವನ ವಿಷಯ ಅಲ್ಲ, ಆ ಸೌಟಿನ ವಿಷಯ ಹೇಳೋಕೆ."

"ಸರಿ, ಕೀಳಲಿ," ಎಂದರು ಅಪ್ಪ. ಆಮೇಲೆ ಶಾಂತಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ನನ್ನ ಕೈಗೆ ಜೀಪಿನ ಕೀಲಿ ಕೊಟ್ಟರು.

ಮೂರನೆಯ ದಿನ ಪ್ರಸನ್ನ ಸೊಂಟಕ್ಕೆ ಚೀಲ ಕಟ್ಟಿಕೊಂಡು ರೊಬಸ್ಟಾ ಕಾಫಿಗಿಡದ ಮುಂದೆ ನಿಂತ. ಕೈಗೆ ಬಟ್ಟೆ ಸುತ್ತಿಕೊಂಡ ಶಾಂತಿ ಮರದ ಬುಡದಲ್ಲಿ ಕೂತಿದ್ದಳು. ಅವನು ಗೊಂಚಲಿಗೇ ಕೈಹಾಕಿ ಎಳೆದ.

"ಏ ಸಾವ್ಕಾರ್ರ ಮಗನೇ," ಎಂದಳು ಅವಳು, "ಹಸಿರು ಕಾಯಿ ಕೀಳ್ಬೇಡ. ಅದಿನ್ನೂ ಹಣ್ಣಾಗ್ಬೇಕು."