ಉಂಡಾದ ಮೇಲೆ

ಬಸ್ಸಿನ ಬಾಗಿಲಿನಿಂದ ಮೊದಲು ಕೊಡೆ ಇಳಿಯಿತು, ಅದರ ಹಿಂದೆ ಮುಂಡಪ್ಪ ಶೆಟ್ಟರು ಇಳಿದರು. ರಸ್ತೆಬದಿಯ ಬೆಂಚಿನಲ್ಲಿ ಕೂತಿದ್ದ ಸ್ವರ್ಣಲತಾಳ ಬಟ್ಟಲಲ್ಲಿ ಇನ್ನೂ ಅರ್ಧ ಗಂಜಿ ಇತ್ತು.

"ಯಾರು ಮಗಾ ಅದು?" ಗಂಜಿಯ ಪೂವಮ್ಮ ಕೇಳಿದಳು.

"ನನ್ನ ಸೋದರಮಾವ. ಕಾಲೇಜು ಬಿಡಿಸಿ ಕರಕೊಂಡು ಹೋಗ್ಲಿಕ್ಕೆ ಬಂದದ್ದು."

"ಅಯ್ಯೋ, ಹಾಗಾದ್ರೆ ಏಳು ಮಾರಾಯ್ತಿ! ಬೇಗ ಒಳಗೆ ಹೋಗು."

"ಇಲ್ಲ. ಚಟ್ನಿ ಇನ್ನೂ ಉಂಟಾ?"

ಅರವತ್ತಾರನೆಯ ಇಸವಿ. ಮೂಡುಬಿದಿರೆಯ ಆ ಹೊಸ ಕಾಲೇಜಿಗೆ ಗ್ರಂಥಾಲಯಕ್ಕಿಂತ ಮೊದಲು ಬಂದದ್ದು ಗೇಟಿನೆದುರಿನ ಸುಬ್ಬಪ್ಪನ ಹೋಟೆಲು. ಗೋಳಿಬಜೆ, ಬನ್ಸ್, ಚಾ. ಸೋಮವಾರ ಬಾಣಲೆಗೆ ಬಿದ್ದ ಎಣ್ಣೆಗೆ ಶನಿವಾರದವರೆಗೆ ಬಿಡುಗಡೆ ಇರಲಿಲ್ಲ. ಹುಡುಗರು ಒಳಗೆ ಕೂತು ತಿನ್ನುತ್ತಿದ್ದರು. ಹೆಂಗಸರಿಗೆಂದು ಪರದೆ ಕಟ್ಟಿದ 'ಫ್ಯಾಮಿಲಿ ರೂಮ್' ಒಂದಿತ್ತು. ಅದರಲ್ಲಿ ಈರುಳ್ಳಿ ಚೀಲಗಳು ಸಂಸಾರ ಹೂಡಿದ್ದವು. ಹಾಗಾಗಿ ಕಾಲೇಜಿನ ಹನ್ನೊಂದು ಹುಡುಗಿಯರಿಗೆ ಜವಾನ ಕಾಗದದಲ್ಲಿ ಕಟ್ಟಿ ತರುವ ಗೋಳಿಬಜೆಯೇ ಮಧ್ಯಾಹ್ನದ ಊಟ. ಬಂಟ್ವಾಳದ ಹತ್ತಿರದ ನರಿಕೊಂಬಿನಿಂದ ಬೆಳಗ್ಗೆ ಆರಕ್ಕೇ ಹೊರಡುತ್ತಿದ್ದ ಸ್ವರ್ಣಲತಾ ಒಮ್ಮೆ ಮನೆಯ ಗಂಜಿಯನ್ನೇ ಡಬ್ಬಿಯಲ್ಲಿ ತಂದಿದ್ದಳು. ಸಿದ್ದಕಟ್ಟೆಯ ತಿರುವಿನಲ್ಲಿ ಬಸ್ಸು ವಾಲಿದಾಗ ಅದು ಅವಳ ಅರ್ಥಶಾಸ್ತ್ರದ ಪುಸ್ತಕಕ್ಕೂ ಪಕ್ಕದಲ್ಲಿದ್ದ ಪೊಳಲಿಯ ಭಟ್ಟರ ಪಂಚೆಗೂ ಸಮಪಾಲಾಗಿ ಹಂಚಿಹೋಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ, ಬೆಳ್ತಂಗಡಿಯಿಂದ ಬರುವ ಪದ್ಮಾಕ್ಷಿ ತರಗತಿಯಲ್ಲೇ ಕುಸಿದುಬಿದ್ದಳು. ಡಾಕ್ಟರು ಮದ್ದು ಬರೆಯಲಿಲ್ಲ. "ಹೊಟ್ಟೆಗೆ ಬೇಕಾದದ್ದು ಅನ್ನ, ಎಣ್ಣೆ ಅಲ್ಲ" ಎಂದರು.

ಅನ್ನ ಇದ್ದದ್ದು ಪೂವಮ್ಮನ ಸೋಗೆಯ ಗುಡಿಸಲಿನಲ್ಲಿ. ಗಾಡಿ ಹೊಡೆಯುವವರಿಗೆ, ಕಲ್ಲು ಕಡಿಯುವವರಿಗೆ ಅಲ್ಲಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಒಂದೆಲಗದ ಚಟ್ನಿ. ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿದರೆ ಅದೇ ಚಮಚ. ಹುಡುಗಿಯರ ಕೋಣೆಗೆ ಒಂದು ಪಾತ್ರೆ ತರಿಸಬಹುದೇ ಎಂದು ಸ್ವರ್ಣಲತಾ ಶಿಸ್ತಿನ ಉಸ್ತುವಾರಿಯ ಉಪನ್ಯಾಸಕ ರುಕ್ಮಯ್ಯನವರನ್ನು ಕೇಳಿದ್ದಳು.

"ಕಾಲೇಜಿನೊಳಗೆ ಗಂಜಿಯಾ? ನಾಳೆ ನೇಗಿಲು ಕೂಡ ತರ್ತೇವೆ ಅಂತೀರಿ."

"ಹೊರಗೆ ಹೋಗಿ ಉಣ್ಣಬಹುದಾ ಸರ್?"

"ಆಳುಗಳ ಜೊತೆ ರಸ್ತೆಯಲ್ಲಿ ಕೂತರೆ ಮನೆಗೆ ಪತ್ರ ಹೋಗ್ತದೆ."

ಸೋಮವಾರ ಅವಳು ಹೋಗಿ ಕೂತಳು. ಪತ್ರ ಹೋಯಿತು. ಇವತ್ತು ಗುರುವಾರ.

ಮಾವ ರಸ್ತೆ ದಾಟಿ ಬಂದು ಎದುರು ನಿಂತರು. ಕಿವಿ ಕೆಂಪಾಗಿತ್ತು. ಅವರು ಬಾಯಿ ತೆರೆದರು. ಸ್ವರ್ಣಲತಾ ಒಂದು ಚಮಚ ಗಂಜಿ ಬಾಯಿಗಿಟ್ಟಳು. ಅವರು ಬಾಯಿ ಮುಚ್ಚಿದರು.

ಮಾವ ಯಜಮಾನರಾಗಿದ್ದ ಅವಳ ಮನೆಯಲ್ಲೊಂದು ಕಟ್ಟಳೆ ಇತ್ತು. ಗಂಜಿಗೆ ಕೂತವನನ್ನು ಯಾರೂ ಗದರಬಾರದು, ಅರ್ಧದಲ್ಲಿ ಎಬ್ಬಿಸಬಾರದು. ಆಳು ಎಂಥ ತಪ್ಪೇ ಮಾಡಿರಲಿ, ವಿಚಾರಣೆ ಅವನು ಕೈ ತೊಳೆದ ಮೇಲೆ. ಹಿಂದಿನ ವರ್ಷ ಹೊಸ ಮೇಸ್ತ್ರಿಯೊಬ್ಬ ಉಣ್ಣುತ್ತಿದ್ದ ಆಳಿಗೆ ಬೈದದ್ದಕ್ಕೆ ಮಾವ ಅವನನ್ನು ಅವತ್ತೇ ಹೊರಗೆ ಕಳಿಸಿದ್ದರು. ಅದನ್ನು ಬಂಟ್ವಾಳದ ಪೇಟೆಯಿಡೀ ಹೇಳಿಕೊಂಡು ತಿರುಗಿದವರೂ ಅವರೇ.

"ಬಿಸಿಲು ಉಂಟು ಮಾವ. ಆಚೆ ನೆರಳಿಗೆ ನಿಲ್ಲಿ" ಎಂದಳು ಸ್ವರ್ಣಲತಾ.

"ನೀನು ಮುಗಿಸು ಮೊದಲು."

"ಮುಗಿಸ್ತೇನೆ. ಪೂವಮ್ಮಕ್ಕ, ಇನ್ನೊಂದು ಸೌಟು."

ಗೇಟಿನಿಂದ ರುಕ್ಮಯ್ಯ ಓಡುನಡಿಗೆಯಲ್ಲಿ ಬಂದರು. "ನೋಡಿದಿರಲ್ಲ ಶೆಟ್ರೇ, ನಿಮ್ಮ ಕಣ್ಣೆದುರೇ! ಏಳಮ್ಮ, ಏಳು ಮೇಲೆ!"

"ಮಾಸ್ಟ್ರೇ," ಮಾವ ಅವರತ್ತ ತಿರುಗಲೂ ಇಲ್ಲ, "ಉಣ್ಣುವವರನ್ನು ಗದರಬಾರದು."

"ಅಲ್ಲ, ಕರಕೊಂಡು ಹೋಗ್ತೇನೆ ಅಂತ ನೀವೇ ಬರೆದದ್ದಲ್ವಾ?"

"ಹೌದು. ಉಂಡಾದ ಮೇಲೆ."

ಎರಡನೆಯ ಸೌಟಿಗೇ ಸ್ವರ್ಣಲತಾಳ ಹೊಟ್ಟೆ ತುಂಬಿತ್ತು. ಬಟ್ಟಲು ಖಾಲಿಯಾಗುವವರೆಗೆ ಮಾತ್ರ ತಾನು ಕಾಲೇಜಿನವಳು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದು ಅಗುಳನ್ನೂ ಅಗಿದಳು. ಹೆಸರುಕಾಳನ್ನು ಎಣಿಸಿದಂತೆ ಉಂಡಳು. ಬಟ್ಟಲು ಮತ್ತೆ ಮುಂದೆ ಚಾಚಿದಳು. ಪೂವಮ್ಮ ಅವಳ ಮುಖ ನೋಡಿದಳು, ಸೌಟನ್ನು ಅಡಿಯವರೆಗೆ ಇಳಿಸಿ ಗಟ್ಟಿ ಗಂಜಿಯನ್ನೇ ಎತ್ತಿ ಬಡಿಸಿದಳು.

"ಧಣಿಗಳಿಗೂ ಒಂದು ಬಟ್ಟಲು ಕೊಡ್ಲಾ?"

ಮಾವ ಕೊಡೆ ಬಿಡಿಸಿ ಹಿಡಿದರು.

ಹುಡುಗಿಯರ ಕೋಣೆಯ ಕಿಟಕಿಯಲ್ಲಿ ತಲೆಗಳಿದ್ದವು. ಅದರಲ್ಲೊಂದು ಕಾಣೆಯಾಯಿತು. ಸ್ವಲ್ಪ ಹೊತ್ತಿಗೆ ಪದ್ಮಾಕ್ಷಿ ಗೇಟು ದಾಟಿ, ರುಕ್ಮಯ್ಯನವರ ಪಕ್ಕದಿಂದಲೇ ಹಾದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ನನಗೂ," ಎಂದಳು.

"ನಿಮ್ಮ ಮನೆಗೂ ಪತ್ರ ಹೋಗ್ತದೆ!" ರುಕ್ಮಯ್ಯ ಕೂಗಿದರು.

"ಅಂಚೆ ಬೇಗ ತಲುಪ್ತದೆ ಸರ್," ಎಂದಳು ಸ್ವರ್ಣಲತಾ. "ಊಟವೇ ತಲುಪುವುದಿಲ್ಲ."

ಬಂಟ್ವಾಳಕ್ಕೆ ಮರಳುವ ಬಸ್ಸು ಬಂದು ನಿಂತಿತು. ಕಂಡಕ್ಟರು ಎರಡು ಸಲ ಊರ ಹೆಸರು ಕೂಗಿ, ಮುಂಡಪ್ಪ ಶೆಟ್ಟರನ್ನು ಗುರುತಿಸಿ ಕಾದ. ಶೆಟ್ಟರು ಬಸ್ಸನ್ನು ನೋಡಿದರು, ಬಟ್ಟಲನ್ನು ನೋಡಿದರು, ಕೈಯೆತ್ತಿ ಹೋಗು ಎಂದರು. ಧೂಳು ಇಳಿಯುವಷ್ಟರಲ್ಲಿ ಗೇಟಿನಿಂದ ಇನ್ನೂ ಮೂವರು ಹುಡುಗಿಯರು ಬರುತ್ತಿದ್ದರು.

ಸ್ವರ್ಣಲತಾ ಅವರಿಗೆ ಜಾಗ ಮಾಡಿಕೊಡಲು ಬಟ್ಟಲು ಹಿಡಿದುಕೊಂಡೇ ಸರಿದಳು. ಪೂವಮ್ಮ ಗುಡಿಸಲ ಹಿಂದಿನ ಹಲಸಿನ ಮರದ ಕೊಂಬೆ ಬಗ್ಗಿಸಿ ಎಲೆ ಕೊಯ್ಯತೊಡಗಿದಳು.